ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ರಂಧ್ರಗಳು

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದು ಕುಡಿಯಲು ಹಿತವಾಗಿರಬೇಕಾದರೆ ಅರ್ಧ ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಉಳಿಯಬೇಕು. ಎಂದರೆ ಶೇ 98.5ಕ್ಕಿಂತ ಹೆಚ್ಚು ಲವಣವನ್ನು ಹೊರಗಿಡಬೇಕು. ಈ ಕೆಲಸವನ್ನು ಸೂಕ್ಷ್ಮ ರಂಧ್ರಗಳಿರುವ ಪೊರೆಯೊಂದು ಮಾಡುತ್ತದೆ ಎಂದ ಕೂಡಲೇ ನಮ್ಮೆಲ್ಲರ ಮನಸ್ಸಿಗೆ ಬರುವ ಚಿತ್ರ ಜರಡಿಯದು: ಸಣ್ಣದು ಕೆಳಗಿಳಿಯುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ಆದರೆ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ನೀರಿನ ಅಣುವಿನ ವ್ಯಾಸ ಸುಮಾರು 0.28 ನ್ಯಾನೊಮೀಟರ್, ಸೋಡಿಯಂ ಅಯಾನಿನದು, ಅಂದರೆ ಉಪ್ಪು ಕರಗಿದಾಗ ಬಿಡಿಯಾಗುವ, ವಿದ್ಯುದಂಶ ಹೊತ್ತ ಸೋಡಿಯಂ ಪರಮಾಣುವಿನದು, ಸುಮಾರು 0.2 ನ್ಯಾನೊಮೀಟರ್. ಜರಡಿಯ ಲೆಕ್ಕವೇ ನಿಜವಾಗಿದ್ದರೆ ನೀರು ದಾಟುವ ಯಾವುದೇ ರಂಧ್ರದಲ್ಲಿ ಸೋಡಿಯಂ ಇನ್ನೂ ಸುಲಭವಾಗಿ ದಾಟಿಹೋಗಬೇಕಿತ್ತು. ಹಾಗಾಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದು ತಿಳಿದರೆ ಇಂದಿನ ವಿಷಯದ ಅರ್ಧ ಭಾಗ ತಿಳಿದಂತೆಯೇ ಸರಿ.

ನೀರಿನಲ್ಲಿ ಕರಗಿದ ಅಯಾನು ಎಂದೂ ಒಂಟಿಯಾಗಿರುವುದಿಲ್ಲ. ಸೋಡಿಯಂನ ಧನ ವಿದ್ಯುದಂಶಕ್ಕೆ ನೀರಿನ ಅಣುಗಳು ತಮ್ಮ ಆಕ್ಸಿಜನ್ ಬದಿಯನ್ನು ಒಡ್ಡಿ ಸುತ್ತ ನಿಲ್ಲುತ್ತವೆ. ಮೊದಲ ಸುತ್ತಿನಲ್ಲಿಯೇ ಐದಾರು ಅಣುಗಳಿರುತ್ತವೆ. ಈ ಕವಚವನ್ನೂ ಸೇರಿಸಿ ಅಳೆದರೆ ಸೋಡಿಯಂನ ವ್ಯಾಸ 0.7 ನ್ಯಾನೊಮೀಟರಿನ ಆಸುಪಾಸಿಗೆ ಬರುತ್ತದೆ. ಕ್ಲೋರೈಡ್ ಅಯಾನು ಇದೇ ರೀತಿ, ಆದರೆ ಹೈಡ್ರೋಜನ್ ಬದಿಗಳನ್ನು ತನ್ನತ್ತ ಸೆಳೆದುಕೊಂಡು, ಸುಮಾರು 0.66 ನ್ಯಾನೊಮೀಟರಿನಷ್ಟಾಗುತ್ತದೆ. ಆದ್ದರಿಂದ ನಮಗೆ ಬೇಕಾದ ರಂಧ್ರದ ಅಗಲ 0.3ಕ್ಕೂ 0.7ಕ್ಕೂ ನಡುವಿನ ಬಹಳ ಇಕ್ಕಟ್ಟಾದ ಒಂದು ವ್ಯಾಪ್ತಿಯಲ್ಲಿ ಬೀಳುತ್ತದೆ.

0.5 ನ್ಯಾನೊಮೀಟರ್ ಅಗಲದ ಒಂದು ರಂಧ್ರದ ಬಾಯಿಗೆ ಸೋಡಿಯಂ ಅಯಾನೊಂದು ಬಂದು ತಾಗಿತು ಎಂದುಕೊಳ್ಳೋಣ. ಒಳಗೆ ಹೋಗಬೇಕಾದರೆ ಅದು ತನ್ನ ಸುತ್ತಲಿನ ಕೆಲವು ನೀರಿನ ಅಣುಗಳನ್ನು ಕಳಚಿಕೊಳ್ಳಬೇಕು. ಕವಚವನ್ನು ಪೂರ್ತಿಯಾಗಿ ಕಳಚಲು ಒಂದು ಮೋಲ್ (ಅಣು, ಅಯಾನುಗಳನ್ನು ಎಣಿಸಲು ಬಳಸುವ ಒಂದು ನಿಗದಿತ, ಬಹು ದೊಡ್ಡ ಸಂಖ್ಯೆ) ಸೋಡಿಯಂಗೆ ಸುಮಾರು 400 ಕಿಲೋಜೂಲ್ ಶಕ್ತಿ ಬೇಕು. ಕೋಣೆಯ ಉಷ್ಣಾಂಶದಲ್ಲಿ ಅಣುಗಳ ಸಹಜ ಚಲನೆಯಿಂದ ಸಿಗುವ ಶಕ್ತಿಯಾದರೋ ಮೋಲಿಗೆ ಸುಮಾರು 2.5 ಕಿಲೋಜೂಲ್ ಮಾತ್ರ. ಎಲ್ಲ ಅಣುಗಳನ್ನೂ ಬಿಡಬೇಕಾಗಿಲ್ಲ, ಎರಡು ಮೂರನ್ನು ಬಿಟ್ಟರೆ ಸಾಕು ಎಂದರೂ ತಡೆ ಬಹಳ ಎತ್ತರದ್ದೇ ಆಗಿರುತ್ತದೆ. ಹಾಗಾದರೆ ಒತ್ತಡ ಹಾಕಿ ನೂಕಬಹುದಲ್ಲ ಎಂದು ನೀವು ಕೇಳಬಹುದು. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. 60 ಬಾರ್ ಒತ್ತಡ ಒಂದು ಮೋಲ್ ನೀರಿನ ಗಾತ್ರದ ಮೇಲೆ, ಅಂದರೆ 18 ಮಿಲಿಲೀಟರಿನ ಮೇಲೆ, ಮಾಡುವ ಕೆಲಸ ಸುಮಾರು 0.1 ಕಿಲೋಜೂಲ್. ನಮಗೆ ಅತಿ ಭಾರಿ ಎನಿಸುವ ಒತ್ತಡವೂ ಅಯಾನಿನ ಕವಚದ ಮುಂದೆ ನಗಣ್ಯ. ನೀರಿನ ಅಣುವಿಗೆ ಇಂಥ ಕಷ್ಟವಿಲ್ಲ. ಅದು ಅಕ್ಕಪಕ್ಕದ ಒಂದೆರಡು ಹೈಡ್ರೋಜನ್ ಬಂಧಗಳನ್ನು ಬಿಟ್ಟು, ಮುಂದಿನ ಮತ್ತು ಹಿಂದಿನ ಅಣುವಿನೊಂದಿಗೆ ಬಂಧವನ್ನು ಉಳಿಸಿಕೊಂಡು, ಒಂದರ ಹಿಂದೊಂದಾಗಿ ಸಾಗುತ್ತದೆ.

ರಂಧ್ರದ ಅಂಚಿಗೆ ವಿದ್ಯುದಂಶವಿದ್ದರೆ ಅದರಿಂದಲೂ ಸಹಾಯ ಸಿಗುತ್ತದೆ. ಋಣ ವಿದ್ಯುದಂಶವಿರುವ ಅಂಚು ಕ್ಲೋರೈಡನ್ನು ದೂರ ತಳ್ಳುತ್ತದೆ. ಕ್ಲೋರೈಡ್ ಹಿಂದುಳಿದರೆ ಸೋಡಿಯಂ ಕೂಡ ದಾಟಲಾರದು, ಏಕೆಂದರೆ ಎರಡೂ ಬದಿಯ ನೀರಿನಲ್ಲಿ ಧನ ಮತ್ತು ಋಣ ಸಮವಾಗಿಯೇ ಇರಬೇಕು. ಆದರೆ ಈ ಉಪಾಯದ ವ್ಯಾಪ್ತಿಯನ್ನು ನೀರಿನ ಉಪ್ಪೇ ನಿರ್ಧರಿಸುತ್ತದೆ. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರಿನಲ್ಲಿ ವಿದ್ಯುದಂಶದ ಪ್ರಭಾವ ಸುಮಾರು 3 ನ್ಯಾನೊಮೀಟರ್ ದೂರಕ್ಕೆ ತಲುಪುತ್ತದೆ. ಸಮುದ್ರದ ನೀರಿನಲ್ಲಿ ಅದು 0.4 ನ್ಯಾನೊಮೀಟರಿಗೆ ಕುಗ್ಗುತ್ತದೆ. ಒಂದು ನ್ಯಾನೊಮೀಟರಿನಷ್ಟು ರಂಧ್ರಗಳಿರುವ ನ್ಯಾನೊಫಿಲ್ಟ್ರೇಷನ್ ಪೊರೆಗಳು ಸಲ್ಫೇಟ್, ಮೆಗ್ನೀಸಿಯಂನಂಥ ಅಯಾನುಗಳನ್ನು ಚೆನ್ನಾಗಿ ತಡೆದರೂ ಸಮುದ್ರದ ಸೋಡಿಯಂ ಕ್ಲೋರೈಡ್ ಮುಂದೆ ಸೋಲುವುದಕ್ಕೆ ಇದೂ ಒಂದು ಕಾರಣ. ಕೆಲವು ಪ್ರಯೋಗಗಳ ಫಲಿತಾಂಶ ತೆಳು ಉಪ್ಪುನೀರಿನಲ್ಲಿ ಅದ್ಭುತವಾಗಿ ಕಂಡು ಸಮುದ್ರದ ನೀರಿನಲ್ಲಿ ಮಾಯವಾಗುವುದೂ ಇದರಿಂದಲೇ.

ಇನ್ನು ಒತ್ತಡದ ವಿಷಯಕ್ಕೆ ಬರೋಣ. ಫ್ರಾನ್ಸಿನ ಜಾನ್ ಆಂಟ್ವಾನ್ ನೊಲೆ 1748ರಲ್ಲಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿಟ್ಟಾಗ, ನೀರು ಒಳನುಗ್ಗಿ ಪೊರೆ ಉಬ್ಬಿ ನಿಂತಿತು. ಇದು ಅಭಿಸರಣೆ. ಇದರ ಒತ್ತಡಕ್ಕೆ ಒಂದು ಸರಳ ಸೂತ್ರ ಕೊಟ್ಟವರು ವಾಂಟ್ ಹಾಫ್, 1880ರ ದಶಕದಲ್ಲಿ. ರಸಾಯನವಿಜ್ಞಾನದ ಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೇ ಬಂತು. ಆ ಲೆಕ್ಕದಂತೆ ಸಮುದ್ರದ ನೀರಿನ ಅಭಿಸರಣ ಒತ್ತಡ ಸುಮಾರು 27 ಬಾರ್. ಪೊರೆಯ ಒಂದು ಬದಿಯಲ್ಲಿ ಸಮುದ್ರದ ನೀರು, ಇನ್ನೊಂದು ಬದಿಯಲ್ಲಿ ಸಿಹಿನೀರು ಇದ್ದರೆ, ಸಿಹಿನೀರೇ ಸಮುದ್ರದ ಕಡೆಗೆ ಹರಿಯಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸಲೇ 27 ಬಾರ್ ಬೇಕು, ತಿರುಗಿಸಿ ಹರಿಸಲು ಅದಕ್ಕಿಂತ ಹೆಚ್ಚು ಬೇಕು. ಹೀಗೆ ತಿರುಗಿಸುವುದನ್ನೇ ಹಿಮ್ಮುಖ ಅಭಿಸರಣೆ ಅಥವಾ ಆರ್‌ಒ ಎನ್ನುತ್ತೇವೆ.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಈ 27 ಬಾರ್ ಪೊರೆಯ ಗುಣವಲ್ಲ, ನೀರಿನ ಗುಣ. ಪೊರೆ ಎಷ್ಟೇ ತೆಳುವಾಗಿರಲಿ, ರಂಧ್ರಗಳು ಎಷ್ಟೇ ಪರಿಪೂರ್ಣವಾಗಿರಲಿ, ಅದು ಬದಲಾಗದು. ಒಂದು ಘನಮೀಟರ್, ಅಂದರೆ ಸಾವಿರ ಲೀಟರ್ ನೀರನ್ನು 27 ಬಾರ್ ಒತ್ತಡದ ವಿರುದ್ಧ ದಾಟಿಸಲು ಬೇಕಾದ ಶಕ್ತಿ ಸುಮಾರು 0.75 ಯೂನಿಟ್ ವಿದ್ಯುತ್. ಅದೂ ಸಮುದ್ರದಿಂದ ಒಂದು ಹನಿ ಮಾತ್ರ ತೆಗೆದಾಗಿನ ಲೆಕ್ಕ. ಒಳಬಂದ ನೀರಿನಲ್ಲಿ ಅರ್ಧದಷ್ಟನ್ನು ಸಿಹಿನೀರಾಗಿಸಿದರೆ ಉಳಿದ ಅರ್ಧದಲ್ಲಿ ಉಪ್ಪು ಇಮ್ಮಡಿಯಾಗುತ್ತದೆ, ಅದರ ಅಭಿಸರಣ ಒತ್ತಡವೂ ಇಮ್ಮಡಿಗೆ ಏರುತ್ತದೆ, ಕನಿಷ್ಠ ಶಕ್ತಿ 1.06 ಯೂನಿಟ್ ಆಗುತ್ತದೆ. ಮೊದಲಿನಿಂದ ಕೊನೆಯವರೆಗೂ ಒಂದೇ ಒತ್ತಡದಲ್ಲಿ ನಡೆಯುವ ಘಟಕಕ್ಕೆ ಈ ಕನಿಷ್ಠ ಮಿತಿ ಸುಮಾರು 1.56 ಯೂನಿಟ್. ಇಂದಿನ ಉತ್ತಮ ಘಟಕಗಳು ಆರ್‌ಒ ಹಂತದಲ್ಲಿ ಬಳಸುವುದು ಸುಮಾರು 2 ಯೂನಿಟ್. ನೀರನ್ನು ಎಳೆದು ತರುವುದು, ಮುಂಚಿತವಾಗಿ ಸೋಸುವುದು, ಕೊನೆಯ ಸಂಸ್ಕರಣೆ ಎಲ್ಲ ಸೇರಿದರೆ 3ರಿಂದ 4 ಯೂನಿಟ್. ಈ ಸಂಖ್ಯೆಗಳನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಇಂದು ನಾವು ಬಳಸುತ್ತಿರುವ ಪೊರೆಯ ಕಥೆ ದೀರ್ಘವಾದದ್ದಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರೀಡ್ ಮತ್ತು ಬ್ರೆಟನ್ ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆ ಎಂದು ತೋರಿಸಿದರು. ಆದರೆ ಅದರಲ್ಲಿ ನೀರು ಹನಿಹನಿಯಾಗಿ ಮಾತ್ರ ಬರುತ್ತಿತ್ತು. ಅದೇ ಹೊತ್ತಿನಲ್ಲಿ ಲಾಸ್ ಏಂಜಲೀಸಿನಲ್ಲಿ ಲೋಬ್ ಮತ್ತು ಸೌರಿರಾಜನ್ ಅದೇ ವಸ್ತುವಿನಿಂದ, ಮೇಲೆ ಅತಿ ತೆಳುವಾದ ಗಟ್ಟಿ ಪದರ, ಕೆಳಗೆ ಸಡಿಲವಾದ ಆಧಾರ ಇರುವ ಪೊರೆಯನ್ನು ಮಾಡಿ ಹರಿವನ್ನು ಎಷ್ಟೋ ಪಟ್ಟು ಹೆಚ್ಚಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಊರಿಗೆ ಇಂಥ ಪೊರೆಯ ನೀರು ಹರಿಯಿತು. 1970ರ ದಶಕದ ಕೊನೆಯಲ್ಲಿ ಜಾನ್ ಕ್ಯಾಡಟ್ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತುವಿನ ಪೊರೆಯನ್ನು ರೂಪಿಸಿದರು. ನೀರಿನಲ್ಲಿ ಕರಗಿದ ಒಂದು ರಾಸಾಯನಿಕವೂ ಎಣ್ಣೆಯಂಥ ದ್ರವದಲ್ಲಿ ಕರಗಿದ ಇನ್ನೊಂದೂ ಅವೆರಡು ದ್ರವಗಳು ಕೂಡುವ ಗಡಿಯಲ್ಲಿ ಕ್ಷಣಮಾತ್ರದಲ್ಲಿ ಸೇರಿ ತೆಳುಪದರವಾಗುವ ಆ ವಿಧಾನವೇ ಇಂದಿಗೂ ನಡೆಯುತ್ತಿದೆ.

ಅಂಥ ಒಂದು ಪೊರೆಯ ಉರುಳೆಯನ್ನು ಉದ್ದಕ್ಕೆ ಸೀಳಿ ನೋಡುವುದು ಬಹಳ ಉಪಯುಕ್ತ. 8 ಅಂಗುಲ ವ್ಯಾಸ, 40 ಅಂಗುಲ ಉದ್ದದ ಉರುಳೆ; ಮಧ್ಯದಲ್ಲಿ ತೂತುಗಳಿರುವ ಒಂದು ಕೊಳವೆ. ಅದರ ಸುತ್ತ ಸುಮಾರು 40 ಚದರ ಮೀಟರ್ ಪೊರೆ, ಎಲೆ ಎಲೆಯಾಗಿ ಸುತ್ತಿಕೊಂಡಿರುತ್ತದೆ. ಎರಡು ಪೊರೆಗಳ ನಡುವೆ ಉಪ್ಪುನೀರು ಹರಿಯಲು ಪ್ಲಾಸ್ಟಿಕ್ಕಿನ ಬಲೆ, ಇನ್ನೆರಡರ ನಡುವೆ ಸಿಹಿನೀರನ್ನು ಕೊಳವೆಗೆ ತಲುಪಿಸುವ ಬಟ್ಟೆ. ಪೊರೆಯ ಒಂದು ತುಂಡನ್ನು ಕೈಗೆತ್ತಿಕೊಂಡರೆ ಕಾಗದದ ಹಾಗೆ ಕಾಣುತ್ತದೆ. ಅದರ ದಪ್ಪವೆಲ್ಲ ಪಾಲಿಯೆಸ್ಟರ್ ಬಟ್ಟೆ ಮತ್ತು ಪಾಲಿಸಲ್ಫೋನ್ ಆಧಾರಗಳದ್ದು. ಉಪ್ಪನ್ನು ತಡೆಯುವ ಪಾಲಿಅಮೈಡ್ ಪದರದ ದಪ್ಪ ನೂರಿನ್ನೂರು ನ್ಯಾನೊಮೀಟರ್ ಇದ್ದೀತು. ಬೆರಳಿಗೆ ಅದು ಸಿಗುವುದೇ ಇಲ್ಲ. ದಿನಕ್ಕೆ 10 ಕೋಟಿ ಲೀಟರ್ ಸಿಹಿನೀರು ಕೊಡುವ ಘಟಕದಲ್ಲಿ, ಪ್ರತಿ ಚದರ ಮೀಟರ್ ಗಂಟೆಗೆ 15 ಲೀಟರ್ ಕೊಡುತ್ತದೆ ಎಂದು ಹಿಡಿದರೆ, ಸುಮಾರು 2.8 ಲಕ್ಷ ಚದರ ಮೀಟರ್ ಪೊರೆ ಬೇಕು. ಅಂದರೆ ಇಂಥ ಏಳು ಸಾವಿರ ಉರುಳೆಗಳು.

ಈ ಪಾಲಿಅಮೈಡಿನಲ್ಲಿ ರಂಧ್ರಗಳಿವೆಯೇ? ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಸರಿದಂತೆ ಕಂಡರೂ ಈ ಪ್ರಶ್ನೆಯನ್ನು ಬಿಡಲಾರೆ. ದಶಕಗಳ ಕಾಲ ಪಠ್ಯಗಳು, ನೀರು ಪದರದೊಳಗೆ ಕರಗಿ, ಅಣು ಅಣುವಾಗಿ ವಿಸರಣೆಗೊಂಡು ಆಚೆ ಬದಿಗೆ ಬರುತ್ತದೆ ಎಂದು ಕಲಿಸುತ್ತಿದ್ದವು. ಆ ವಿವರಣೆಯಲ್ಲಿ ರಂಧ್ರಕ್ಕೆ ಜಾಗವಿರಲಿಲ್ಲ. 2023ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೆನಾಕೆಮ್ ಎಲಿಮೆಲೆಕ್ ಮತ್ತು ಸಂಗಡಿಗರು ಪ್ರಯೋಗ ಮತ್ತು ಗಣಕ ಅನುಕರಣೆಗಳ ಬಲದಿಂದ, ನೀರು ಒತ್ತಡದ ವ್ಯತ್ಯಾಸದಿಂದಲೇ ಪಾಲಿಮರಿನ ಸಂದುಗಳ ಜಾಲದೊಳಗೆ ಗುಂಪುಗುಂಪಾಗಿ ಹರಿಯುತ್ತದೆ ಎಂದು ವಾದಿಸಿದರು. ಚರ್ಚೆ ಮುಂದುವರಿದಿದೆ. ನನಗೆ ಅವರ ವಾದ ಒಪ್ಪಿತವೆನಿಸುತ್ತದೆ. ಹಾಗಿದ್ದಲ್ಲಿ ಇಂದಿನ ಆರ್‌ಒ ಪೊರೆಯೂ ಒಂದು ನ್ಯಾನೊರಂಧ್ರ ಪೊರೆಯೇ, ಅದರ ರಂಧ್ರಗಳು ಮಾತ್ರ ಅಂಕುಡೊಂಕಾಗಿ, ಒಂದರಂತೆ ಒಂದಿಲ್ಲದೆ, ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ.

ನೇರವಾದ, ಒಂದೇ ಅಳತೆಯ ರಂಧ್ರಗಳು ಹೇಗಿರಬಹುದು ಎಂಬುದಕ್ಕೆ ಮಾದರಿ ನಮ್ಮ ದೇಹದಲ್ಲಿಯೇ ಇದೆ. ಕೆಂಪು ರಕ್ತಕಣಗಳಲ್ಲಿಯೂ ಮೂತ್ರಪಿಂಡಗಳಲ್ಲಿಯೂ ಇರುವ ಅಕ್ವಾಪೊರಿನ್ ಎಂಬ ಪ್ರೋಟೀನಿನ ಅತಿ ಕಿರಿದಾದ ಭಾಗ ಸುಮಾರು 0.28 ನ್ಯಾನೊಮೀಟರ್, ಒಂದು ನೀರಿನ ಅಣುವಿಗೆ ಸರಿಯಾಗಿ ಸಾಕಾಗುವಷ್ಟು. ಅಂಥ ಒಂದು ನಾಳ ಸೆಕೆಂಡಿಗೆ 300 ಕೋಟಿಯಷ್ಟು ನೀರಿನ ಅಣುಗಳನ್ನು ದಾಟಿಸಬಲ್ಲದು, ಪ್ರೋಟಾನನ್ನೂ ಬಿಡದಂತೆ ತಡೆಯಬಲ್ಲದು. ಇದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರ ನೊಬೆಲ್ ಪ್ರಶಸ್ತಿ ಸಂದಿತು. ಪ್ರಕೃತಿ ಇದನ್ನು ಮಾಡಿದೆ ಎಂದ ಮೇಲೆ ಅಸಾಧ್ಯವೆಂಬ ಮಾತು ನಿಲ್ಲುವುದಿಲ್ಲ.

ಇಂಗಾಲದ ಕಡೆಗೆ ಎಲ್ಲರ ಗಮನ ಹರಿದದ್ದು ಈ ಆಸೆಯಿಂದ. 2001ರಲ್ಲಿ ಗೆರ್ಹಾರ್ಡ್ ಹಮ್ಮರ್ ಮತ್ತು ಸಂಗಡಿಗರು ಗಣಕ ಅನುಕರಣೆಯಲ್ಲಿ, ಇಂಗಾಲದ ನ್ಯಾನೊ ಕೊಳವೆಯೊಳಗೆ ನೀರು ಸಾಲುಗಟ್ಟಿ ಸರಾಗವಾಗಿ ಹರಿಯುವುದನ್ನು ತೋರಿಸಿದರು. 2006ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2 ನ್ಯಾನೊಮೀಟರಿಗಿಂತ ಕಿರಿದಾದ ಕೊಳವೆಗಳಲ್ಲಿ ನೀರು ನಿರೀಕ್ಷೆಗಿಂತ ಸಾವಿರ ಪಟ್ಟು ಮೀರಿ ಹರಿಯುವುದನ್ನು ಅಳೆದರು. ಇಂಗಾಲದ ಪರಮಾಣುಗಳ ಹಾಳೆಯಾದ ಗ್ರಾಫೀನ್ ಅದಕ್ಕಿಂತಲೂ ಆಕರ್ಷಕ, ಏಕೆಂದರೆ ಅದರ ದಪ್ಪ ಒಂದೇ ಪರಮಾಣುವಿನದು. ಅಖಂಡವಾದ ಗ್ರಾಫೀನ್ ಹೀಲಿಯಂ ಅನಿಲವನ್ನೂ ಬಿಡುವುದಿಲ್ಲ. ರಂಧ್ರವನ್ನು ನಾವೇ ಕೊರೆಯಬೇಕು. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಡೇವಿಡ್ ಕೋಹೆನ್-ಟನುಗಿ ಮತ್ತು ಜೆಫ್ರಿ ಗ್ರಾಸ್‌ಮನ್, ಸುಮಾರು 0.55 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳಿರುವ ಗ್ರಾಫೀನ್ ಉಪ್ಪನ್ನು ತಡೆಯುತ್ತದೆಂದೂ ಇಂದಿನ ಪೊರೆಗಿಂತ ನೂರಾರು ಪಟ್ಟು ಸರಾಗವಾಗಿ ನೀರನ್ನು ಬಿಡುತ್ತದೆಂದೂ ಅನುಕರಣೆಯಿಂದ ಲೆಕ್ಕ ಹಾಕಿದರು. 2015ರಲ್ಲಿ ಓಕ್ ರಿಜ್ ಪ್ರಯೋಗಾಲಯದ ತಂಡ ಆಕ್ಸಿಜನ್ ಪ್ಲಾಸ್ಮಾದಿಂದ ಗ್ರಾಫೀನಿನಲ್ಲಿ ರಂಧ್ರಗಳನ್ನು ಮಾಡಿ, ಬಹುತೇಕ ಎಲ್ಲ ಉಪ್ಪನ್ನೂ ತಡೆಯುವುದನ್ನು ಪ್ರಯೋಗದಲ್ಲಿಯೇ ತೋರಿಸಿತು. ಆ ಪೊರೆಯ ಅಗಲ ಕೆಲವೇ ಮೈಕ್ರೊಮೀಟರ್.

ನೂರಾರು ಪಟ್ಟು ಎಂಬ ಮಾತು ಪತ್ರಿಕೆಗಳಲ್ಲಿ ಬಂದಾಗ, ವಿದ್ಯುತ್ ಖರ್ಚೂ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ ಎಂಬ ಭಾವನೆ ಹರಡಿತು. ಆಗಲೇ ನೆನಪಿನಲ್ಲಿಡಲು ಹೇಳಿದ ಸಂಖ್ಯೆಗಳನ್ನು ಈಗ ನೋಡಿ. ಒಂದೇ ಒತ್ತಡದಲ್ಲಿ ನಡೆಯುವ ಘಟಕದ ಕನಿಷ್ಠ ಮಿತಿ 1.56, ಈಗಿನ ಬಳಕೆ 2. ಪೊರೆಯ ಪ್ರತಿರೋಧವನ್ನು ಪೂರ್ತಿ ಸೊನ್ನೆಗೆ ಇಳಿಸಿದರೂ ಉಳಿತಾಯಕ್ಕೆ ಇರುವ ಜಾಗ ಅಷ್ಟೇ. ಅದೇ ಎಂಐಟಿ ತಂಡವೇ 2014ರಲ್ಲಿ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮುಂದಿಟ್ಟಿತು: ನೀರು ಬಿಡುವ ಸಾಮರ್ಥ್ಯ ಮೂರು ಪಟ್ಟಾದರೆ ಸಮುದ್ರದ ನೀರಿನ ಘಟಕದಲ್ಲಿ ಶಕ್ತಿಯ ಉಳಿತಾಯ ಶೇ 15ರಷ್ಟು, ಇಲ್ಲವೇ ಪೊರೆಗಳನ್ನಿಡುವ ಒತ್ತಡದ ಕೊಳವೆಗಳಲ್ಲಿ ಶೇ 44ರಷ್ಟು ಕಡಿತ. ಸವಳು ನೀರಿಗೆ ಲಾಭ ಹೆಚ್ಚು, ಶಕ್ತಿಯಲ್ಲಿ ಶೇ 46ರಷ್ಟು; ಏಕೆಂದರೆ ಅಲ್ಲಿ ಅಭಿಸರಣ ಒತ್ತಡ ಕಡಿಮೆ, ಪೊರೆಯ ಪ್ರತಿರೋಧದ ಪಾಲು ದೊಡ್ಡದು. ಮೂರು ಪಟ್ಟಿನ ನಂತರ ಲಾಭ ಬಹುಬೇಗ ಬತ್ತುತ್ತದೆ. ನೀರು ಎಷ್ಟು ವೇಗವಾಗಿ ದಾಟುತ್ತದೋ ಅಷ್ಟು ವೇಗವಾಗಿ ಹಿಂದುಳಿದ ಉಪ್ಪು ಪೊರೆಯ ಮುಖಕ್ಕೆ ಒತ್ತಾಗಿ ಸೇರಿಕೊಳ್ಳುತ್ತದೆ, ಅಲ್ಲಿನ ಅಭಿಸರಣ ಒತ್ತಡ ಏರುತ್ತದೆ, ಕೊಳೆ ಕಟ್ಟುವುದೂ ಹೆಚ್ಚುತ್ತದೆ. ಆದ್ದರಿಂದ ವೇಗವೇ ನ್ಯಾನೊರಂಧ್ರ ಪೊರೆಯ ಸಾರ್ಥಕತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರ ನಿಜವಾದ ಬೆಲೆ ಇರುವುದು ಎಲ್ಲ ರಂಧ್ರಗಳೂ ಒಂದೇ ಅಳತೆಯಲ್ಲಿದ್ದು, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ಇಂದಿನ ಪೊರೆಗಿಂತ ಚೆನ್ನಾಗಿ ಪಾಲಿಸುವುದರಲ್ಲಿ.

ಮತ್ತು ಅದೇ ಅತಿ ಕಠಿಣವಾದ ಭಾಗ. ಒಂದು ಸ್ಥೂಲ ಲೆಕ್ಕ ಮಾಡೋಣ. ಇಷ್ಟು ತೆಳುವಾದ ಹಾಳೆಯಲ್ಲಿ ರಂಧ್ರದ ಮೂಲಕ ಆಗುವ ಹರಿವು ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 0.5 ನ್ಯಾನೊಮೀಟರಿನ ಒಳ್ಳೆಯ ರಂಧ್ರಗಳ ನಡುವೆ ಎಲ್ಲೋ 10 ನ್ಯಾನೊಮೀಟರಿನ ಒಂದು ಹರಕು ಇದ್ದರೆ, ಅದರ ವ್ಯಾಸ 20 ಪಟ್ಟು, ಹರಿವು 8,000 ಪಟ್ಟು. ಅಂದರೆ ಎಂಟು ಸಾವಿರ ಒಳ್ಳೆಯ ರಂಧ್ರಗಳು ಕೊಡುವ ಸಿಹಿನೀರಿಗೆ ಅಷ್ಟೇ ಪ್ರಮಾಣದ ಸಮುದ್ರದ ನೀರನ್ನು ಆ ಒಂದು ಹರಕು ಬೆರೆಸುತ್ತದೆ. ಬೆರಕೆ ನೂರರಲ್ಲಿ ಒಂದಕ್ಕೆ ಸೀಮಿತವಾಗಬೇಕಾದರೆ ಎಂಟು ಲಕ್ಷ ರಂಧ್ರಗಳಿಗೆ ಅಂಥ ಒಂದೇ ಹರಕು ಇರಬಹುದು. ಒಂದು ಮೈಕ್ರೊಮೀಟರಿನ ಹರಕಾದರೆ ಏನಾಗುತ್ತದೆ? ಚದರ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ರಂಧ್ರಗಳಿವೆ ಎಂದು ಉದಾರವಾಗಿ ಹಿಡಿದರೂ, ಸುಮಾರು ಒಂದು ಚದರ ಸೆಂಟಿಮೀಟರಿನ ಇಡೀ ಗುಣವನ್ನು ಆ ಒಂದೇ ಹರಕು ಕೆಡಿಸಿಬಿಡುತ್ತದೆ. ನಮಗೆ ಬೇಕಾದದ್ದಾದರೋ ಲಕ್ಷಾಂತರ ಚದರ ಮೀಟರ್. ಗ್ರಾಫೀನನ್ನು ತಾಮ್ರದ ಹಾಳೆಯ ಮೇಲೆ ಬೆಳೆಸಿ, ಅದನ್ನು ಎತ್ತಿ ಆಧಾರದ ಮೇಲೆ ಹಾಸುವಾಗಲೇ ಹರಕುಗಳು ಹುಟ್ಟಿಕೊಳ್ಳುತ್ತವೆ. ಎಂಐಟಿಯ ರೋಹಿತ್ ಕಾರ್ಣಿಕ್ ಅವರ ಗುಂಪು ದೊಡ್ಡ ಹರಕುಗಳನ್ನು ಮೊದಲು ಮುಚ್ಚಿ, ಆಮೇಲೆ ಬೇಕಾದ ಸಣ್ಣ ರಂಧ್ರಗಳನ್ನು ಕೊರೆಯುವ ದಾರಿಯನ್ನು ಹಿಡಿಯಿತು. ಕೆಲಸದ ಈ ಕ್ರಮ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

ಗ್ರಾಫೀನ್ ಆಕ್ಸೈಡಿನ ಪದರಗಳನ್ನು ಒಂದರ ಮೇಲೊಂದು ಪೇರಿಸಿ, ಪದರಗಳ ನಡುವಿನ ಸಂದನ್ನೇ ದಾರಿಯಾಗಿ ಬಳಸುವುದು ಇನ್ನೊಂದು ಮಾರ್ಗ. ಮಾಡಲು ಸುಲಭ, ಹರಕಿನ ಭಯವೂ ಕಡಿಮೆ. ತೊಂದರೆ ಏನೆಂದರೆ ನೀರಿನಲ್ಲಿ ಅದು ಉಬ್ಬಿಕೊಳ್ಳುತ್ತದೆ. ಸಂದು ಅಗಲವಾಗಿ ಸೋಡಿಯಂ ಕವಚಸಹಿತವಾಗಿಯೇ ದಾಟಿಬಿಡುತ್ತದೆ. 2017ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ಬಿಗಿದು ಉಬ್ಬದಂತೆ ಮಾಡಿ ಶೇ 97ರಷ್ಟು ಉಪ್ಪನ್ನು ತಡೆದರು. ವೈಜ್ಞಾನಿಕವಾಗಿ ಅದು ಸೊಗಸಾದ ಕೆಲಸ. ಆದರೆ 35 ಗ್ರಾಂನಲ್ಲಿ ಶೇ 3 ಉಳಿದರೆ ಲೀಟರಿಗೆ ಒಂದು ಗ್ರಾಂಗಿಂತ ಹೆಚ್ಚು ಉಪ್ಪು. ಮಾರುಕಟ್ಟೆಯಲ್ಲಿರುವ ಸಮುದ್ರದ ನೀರಿನ ಪೊರೆಗಳು ಶೇ 99.7ರ ಆಸುಪಾಸಿನಲ್ಲಿ ತಡೆಯುತ್ತವೆ.

ಹಾಗಾದರೆ ಪಾಲಿಅಮೈಡ್ ಎಲ್ಲಿ ಸೋಲುತ್ತದೆ? ಎರಡು ಕಡೆ. ಮೊದಲನೆಯದು ಬೋರಾನ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 4.5 ಮಿಲಿಗ್ರಾಂ ಬೋರಾನ್ ಇರುತ್ತದೆ, ಅದರ ಬಹುಪಾಲು ಬೋರಿಕ್ ಆಮ್ಲದ ರೂಪದಲ್ಲಿ. ಬೋರಿಕ್ ಆಮ್ಲಕ್ಕೆ ವಿದ್ಯುದಂಶವಿಲ್ಲ. ಆದ್ದರಿಂದ ಬಿಗಿಯಾದ ನೀರಿನ ಕವಚವೂ ಇಲ್ಲ. ಸೋಡಿಯಂನ್ನು ತಡೆದ ಎರಡು ಉಪಾಯಗಳೂ ಇಲ್ಲಿ ನಡೆಯುವುದಿಲ್ಲ, ಅಣುವಿನ ಗಾತ್ರವೊಂದೇ ಆಧಾರ, ಅದೂ ನೀರಿಗಿಂತ ಬಹಳ ದೊಡ್ಡದಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 2.4 ಮಿಲಿಗ್ರಾಂ, ನಿಂಬೆ ಜಾತಿಯ ಗಿಡಗಳು ಅದಕ್ಕಿಂತ ಬಹಳ ಕಡಿಮೆ ಬೋರಾನನ್ನೂ ಸಹಿಸುವುದಿಲ್ಲ. ಅದಕ್ಕಾಗಿ ಎಷ್ಟೋ ಘಟಕಗಳು ಸಿಹಿಯಾದ ನೀರಿಗೆ ಕ್ಷಾರ ಸೇರಿಸಿ, ಬೋರಿಕ್ ಆಮ್ಲವನ್ನು ಅಯಾನಾಗಿಸಿ, ಮತ್ತೊಮ್ಮೆ ಪೊರೆಯಲ್ಲಿ ಹಾಯಿಸುತ್ತವೆ. ಒಂದೇ ಅಳತೆಯ ರಂಧ್ರಗಳಿರುವ ಪೊರೆ ಬೋರಾನನ್ನು ಮೊದಲ ಸಲವೇ ತಡೆದರೆ ಆ ಇಡೀ ಎರಡನೆಯ ಹಂತವನ್ನು, ಅದರ ಪಂಪು, ಕೊಳವೆ, ರಾಸಾಯನಿಕ, ವಿದ್ಯುತ್ ಎಲ್ಲವನ್ನೂ, ಕೈಬಿಡಬಹುದು. ಕೆಲವು ಶೇಕಡಾ ಶಕ್ತಿ ಉಳಿಸುವುದಕ್ಕಿಂತ ಇದು ದೊಡ್ಡ ಲಾಭ.

ಎರಡನೆಯದು ಕ್ಲೋರಿನ್. ಸಮುದ್ರದ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಕ್ಲೋರಿನ್ ಹಾಕಬೇಕು, ಆದರೆ ಕ್ಲೋರಿನ್ ಪಾಲಿಅಮೈಡಿನ ಬಂಧಗಳನ್ನು ಕೆಡಿಸುತ್ತದೆ. ಆದ್ದರಿಂದ ಪೊರೆಗೆ ಮುಟ್ಟುವ ಮೊದಲು ಸೋಡಿಯಂ ಬೈಸಲ್ಫೈಟ್ ಬೆರೆಸಿ ಆ ಕ್ಲೋರಿನನ್ನು ತೆಗೆದುಹಾಕುತ್ತಾರೆ. ರಕ್ಷಣೆ ತಪ್ಪಿದ ಜಾಗದಲ್ಲಿಯೇ, ಅಂದರೆ ನಾನು ಆಗಲೇ ಹೇಳಿದ ಪ್ಲಾಸ್ಟಿಕ್ ಬಲೆಯ ಎಳೆಗಳು ಪೊರೆಗೆ ತಾಗುವ ಮೂಲೆಗಳಲ್ಲಿ, ಉಳಿದ ಜೀವಿಗಳು ಮತ್ತೆ ಬೆಳೆದು ಲೋಳೆ ಕಟ್ಟುತ್ತವೆ. ಹರಿವು ಕುಗ್ಗುತ್ತದೆ, ಒತ್ತಡ ಏರಿಸಬೇಕಾಗುತ್ತದೆ, ಕೊನೆಗೆ ಘಟಕ ನಿಲ್ಲಿಸಿ ತೊಳೆಯಬೇಕಾಗುತ್ತದೆ. ಇಂಗಾಲದ ಪೊರೆಯಲ್ಲಿ ಅಂಥ ಅಮೈಡ್ ಬಂಧಗಳಿಲ್ಲ. ಆದರೆ ಅದರ ರಂಧ್ರಗಳ ಅಂಚಿನ ಪರಮಾಣುಗಳು ಹಾಳೆಯ ಒಳಭಾಗದವುಗಳಷ್ಟು ನಿಶ್ಚಲವಲ್ಲ, ಮತ್ತು 0.5 ನ್ಯಾನೊಮೀಟರಿನ ರಂಧ್ರದ ಅಂಚಿನಲ್ಲಿ ಒಂದೆರಡು ಪರಮಾಣು ಹೋದರೂ ಅದು ಬೇರೆಯೇ ರಂಧ್ರವಾಗುತ್ತದೆ. ಆದ್ದರಿಂದ ಹೊಸ ಪೊರೆಯೊಂದರ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು, ಒಂದು ಚದರ ಮೀಟರಿನಷ್ಟಾದರೂ ದೊಡ್ಡದಾದ ಹಾಳೆಯನ್ನು 60 ಬಾರ್ ಒತ್ತಡದಲ್ಲಿ, ಸೋಸಿದ ಆದರೆ ಕ್ಲೋರಿನ್ ಉಳಿದಿರುವ ನಿಜವಾದ ಸಮುದ್ರದ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಆಚೆ ಬದಿಯಲ್ಲಿ ಬಂದ ನೀರಿನ ಉಪ್ಪನ್ನೂ ಬೋರಾನನ್ನೂ ಮೊದಲ ದಿನ ಮತ್ತು ಕೊನೆಯ ದಿನ ಅಳೆದ ಪಟ್ಟಿಯನ್ನು.